ಮೂರೇ ದಿನಕ್ಕೆ ಹೋದ ಮೊಡವೆ, ಆರು ತಿಂಗಳು ಕಾಯಿಸಿದ ಮಾತ್ರೆ

ಇವತ್ತಿನ ಮಾತು ಮೊಡವೆ ಬಗ್ಗೆ. ಹದಿನಾರನೇ ವಯಸ್ಸಿನ ಮೊಡವೆ ಅಲ್ಲ. ಇಪ್ಪತ್ತೇಳಕ್ಕೆ, ಮೂವತ್ತೆರಡಕ್ಕೆ, ಕೆಲಸ, ಇಎಂಐ ಎಲ್ಲ ಶುರುವಾದ ಮೇಲೆ ಬರೋ ಮೊಡವೆ.

ನಂಗೆ ಇದು ಶುರುವಾಗಿದ್ದು ಇಪ್ಪತ್ತೇಳಕ್ಕೆ. ಕಾಲೇಜಲ್ಲಿ ಮುಖ ಕ್ಲೀನಾಗಿತ್ತು. ಆಮೇಲೆ ಗದ್ದದ ಮೇಲೆ, ದವಡೆ ಉದ್ದಕ್ಕೂ, ಕತ್ತಿನವರೆಗೆ ಗಟ್ಟಿ ಗಟ್ಟಿ ಗುಳ್ಳೆಗಳು. ಮುಟ್ಟಿದ್ರೆ ನೋವು. ಕೀವು ಬರಲ್ಲ, ಒಡೆಯಲ್ಲ, ಒಳಗೇ ಕೂತಿರುತ್ತೆ. ಹೋದ ಮೇಲೆ ಒಂದು ಕಪ್ಪು ಕಲೆ ಬಿಟ್ಟು ಹೋಗುತ್ತೆ, ಆ ಕಲೆ ಮೂರು ತಿಂಗಳು. ಮನೆ ಫಂಕ್ಷನ್‌ಗೆ ಹೋದ್ರೆ ದೊಡ್ಡಮ್ಮಂದಿರ ತೀರ್ಪು ರೆಡಿ: "ಮದುವೆ ಆದ್ರೆ ಎಲ್ಲ ಸರಿ ಹೋಗುತ್ತೆ ಬಿಡು." ಮದುವೆಯಾಗಿ ಎರಡು ಮಕ್ಕಳಿರೋ ನನ್ನ ಸಹೋದ್ಯೋಗಿಗೂ ಅದೇ ಮೊಡವೆ, ಅದೇ ಜಾಗದಲ್ಲಿ. ಅವಳಿಗೆ ಯಾವ ಭರವಸೆ ಕೊಡ್ತಾರೋ ಗೊತ್ತಿಲ್ಲ.

ನಾನಿರೋದು ಕೆ.ಆರ್. ಪುರಂ ಕಡೆ. ಮೊದಲು ನೀರಿನ ಮೇಲೆ ತಪ್ಪು ಹೊರಿಸಿದೆ. ಟ್ಯಾಂಕರ್ ನೀರು, ಬೋರ್‌ವೆಲ್ ನೀರು, ಗಡಸು ನೀರು. ಗಡಸು ನೀರಿಗೆ ಚರ್ಮ ಒಣಗೋದು ಹೌದು. ಆದರೆ ಪೀರಿಯಡ್ಸ್‌ಗೆ ಸರಿಯಾಗಿ ಒಂದು ವಾರ ಮುಂಚೆ, ಸರಿಯಾಗಿ ಗದ್ದದ ಮೇಲೆ ಮಾತ್ರ ಬರಬೇಕು ಅಂತ ಟ್ಯಾಂಕರ್ ನೀರಿಗೆ ಹೇಗೆ ಗೊತ್ತಾಗುತ್ತೆ? ಅದು ಹಾರ್ಮೋನ್ ಲೆಕ್ಕ.

ನೀರಿನ ಅನುಮಾನ ಹೋಗೋಕೆ ಮುಂಚೆ ನಾನು ಮಾಡಿದ ದೊಡ್ಡ ತಪ್ಪನ್ನ ಹೇಳ್ಬಿಡ್ತೀನಿ. ಮನೆ ಹತ್ತಿರದ ಒಂದು ಮೆಡಿಕಲ್ ಸ್ಟೋರ್‌ಗೆ ಹೋಗಿ "ಮೊಡವೆಗೆ ಏನಾದ್ರೂ ಕೊಡಿ" ಅಂದೆ. ಚೀಟಿ ಕೇಳಲಿಲ್ಲ. ಒಂದು ಸಣ್ಣ ಟ್ಯೂಬ್ ಕೊಟ್ರು, ನೂರು ರೂಪಾಯಿಗೂ ಕಮ್ಮಿ. ರಾತ್ರಿ ಹಚ್ಚಿದೆ. ಮೂರನೇ ದಿನಕ್ಕೆ ಗುಳ್ಳೆಗಳು ಚಪ್ಪಟೆ. ಒಂದು ವಾರಕ್ಕೆ ಮುಖ ಬೆಳ್ಳಗೆ, ನುಣ್ಣಗೆ. ಆಫೀಸಲ್ಲಿ "ಫೇಶಿಯಲ್ ಮಾಡಿಸಿದ್ಯಾ?" ಅಂದ್ರು. ನಾಲ್ಕು ತಿಂಗಳು ಹಚ್ಚಿದೆ. ಒಂದು ಸಲ ಊರಿಗೆ ಹೋದಾಗ ಟ್ಯೂಬ್ ಮರೆತೆ. ಐದನೇ ದಿನಕ್ಕೆ ಮುಖ ಕೆಂಪಗೆ ಉರಿಯೋಕೆ ಶುರು, ಬಿಸಿಲಿಗೆ ಹೋದ್ರೆ ಮೆಣಸಿನಪುಡಿ ಎರಚಿದ ಹಾಗೆ. ಮೊದಲು ಇದ್ದಿದ್ದರ ಎರಡರಷ್ಟು ಗುಳ್ಳೆ.

ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಮೊಮೆಟಾಸೋನ್ ಅಂತಿತ್ತು. ಅದು ಸ್ಟೀರಾಯ್ಡ್. ಎಕ್ಸಿಮಾ, ಸೋರಿಯಾಸಿಸ್ ಥರದ ಕಾಯಿಲೆಗೆ ಡಾಕ್ಟರ್ ಲೆಕ್ಕ ಹಾಕಿ ಕೊಡೋ ಔಷಧಿ, ಅಲ್ಲಿ ಅದು ಒಳ್ಳೇದೇ. ಮೊಡವೆ ಮೇಲೆ ಹಚ್ಚಿದ್ರೆ ಊತ, ಕೆಂಪು ಬೇಗ ಇಳಿಯುತ್ತೆ, ಹಾಗಾಗಿ ಕೆಲಸ ಮಾಡ್ತಿದೆ ಅನ್ಸುತ್ತೆ. ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ತೆಳ್ಳಗಾಗುತ್ತೆ, ರಕ್ತನಾಳ ಕಾಣುತ್ತೆ, ಕೂದಲು ಬೆಳೆಯುತ್ತೆ, ಹೊಸ ಗುಳ್ಳೆ ಬರುತ್ತೆ. ನಿಲ್ಲಿಸಿದ್ರೆ ಉರಿ, ಹಚ್ಚಿದ್ರೆ ಆರಾಮ. ಅಂದ್ರೆ ಮುಖಕ್ಕೆ ಅಡಿಕ್ಷನ್.

ಇದು ನನ್ನೊಬ್ಬಳ ದಡ್ಡತನ ಅಂದ್ಕೊಂಡಿದ್ದೆ. ಅಲ್ಲ. 2011ರಲ್ಲಿ ಭಾರತೀಯ ಚರ್ಮವೈದ್ಯರ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ದೇಶದ 12 ಕೇಂದ್ರಗಳಲ್ಲಿ ಮುಖದ ತೊಂದರೆ ಅಂತ ಬಂದ 2926 ಜನರನ್ನ ನೋಡಿದಾಗ 433 ಜನ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಾ ಇದ್ರು. ಹಚ್ಚೋಕೆ ಮುಖ್ಯ ಕಾರಣ ಎರಡು: ಬೆಳ್ಳಗಾಗೋದು, ಮತ್ತೆ ಮೊಡವೆ. ಅರ್ಧಕ್ಕಿಂತ ಹೆಚ್ಚು ಜನಕ್ಕೆ ಅದನ್ನ ಹೇಳಿದ್ದು ಡಾಕ್ಟರೇ ಅಲ್ಲ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಕ್ರೀಮ್‌ಗಳನ್ನ ಚೀಟಿ ಇಲ್ಲದೆ ಮಾರಬಾರದು ಅನ್ನೋ ಪಟ್ಟಿಗೆ ಸೇರಿಸ್ತು. ಪಟ್ಟಿ ಪಟ್ಟಿಯಲ್ಲೇ ಇದೆ. ಅದಕ್ಕೆ ಈಗಲೇ ಎದ್ದು ನಿಮ್ಮ ಮನೆ ಟ್ಯೂಬ್ ನೋಡಿ: ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲುಯೊಸಿನೊಲೋನ್. ಇದರಲ್ಲಿ ಒಂದಿದ್ದು, ನೀವು ಅದನ್ನ ದಿನಾ ಮುಖಕ್ಕೆ ಹಚ್ಚುತ್ತಿದ್ರೆ, ಚರ್ಮದ ಡಾಕ್ಟರಿಗೆ ತೋರಿಸಿ. ತುಂಬಾ ದಿನ ಹಚ್ಚಿದ್ರೆ ಅದನ್ನ ಬಿಡಿಸೋಕೂ ಒಂದು ಕ್ರಮ ಇದೆ.

ಈಗ ಹಾರ್ಮೋನ್ ವಿಷಯ. ಹೆಂಗಸರ ದೇಹದಲ್ಲೂ ಆಂಡ್ರೊಜೆನ್ ಅನ್ನೋ ಹಾರ್ಮೋನ್‌ಗಳು ಇರುತ್ವೆ, ಟೆಸ್ಟೋಸ್ಟಿರಾನ್ ಅದರಲ್ಲೊಂದು. ಅವು ಚರ್ಮದೊಳಗಿನ ಎಣ್ಣೆ ಗ್ರಂಥಿಗೆ "ಇನ್ನೂ ಎಣ್ಣೆ ಮಾಡು" ಅಂತ ಆರ್ಡರ್ ಕೊಡ್ತವೆ. ಎಣ್ಣೆ, ಸತ್ತ ಜೀವಕೋಶ, ಬ್ಯಾಕ್ಟೀರಿಯಾ ಎಲ್ಲ ಸೇರಿ ರಂಧ್ರ ಮುಚ್ಚಿಕೊಳ್ಳುತ್ತೆ, ಊತ ಬರುತ್ತೆ. ಇಲ್ಲಿ ಎಷ್ಟೋ ಜನ ಎಡವೋ ಜಾಗ ಒಂದಿದೆ: ರಕ್ತ ಪರೀಕ್ಷೆ ಮಾಡಿಸಿದ್ರೆ ಹಾರ್ಮೋನ್ ರಿಪೋರ್ಟ್ ನಾರ್ಮಲ್ ಬರುತ್ತೆ. ಹಾಗಾದ್ರೆ ಹಾರ್ಮೋನಲ್ ಅಲ್ವಾ ಅಂತ ಗೊಂದಲ. ಹೌದು, ಹಾರ್ಮೋನಲ್ಲೇ. ರಕ್ತದಲ್ಲಿ ಹಾರ್ಮೋನ್ ಎಷ್ಟಿರಬೇಕೋ ಅಷ್ಟೇ ಇರಬಹುದು, ಆದ್ರೆ ನಿಮ್ಮ ಎಣ್ಣೆ ಗ್ರಂಥಿಗೆ ಕಿವಿ ಸ್ವಲ್ಪ ಜಾಸ್ತಿ ಚುರುಕು. ಪೀರಿಯಡ್ಸ್ ತಪ್ಪುತ್ತಿದ್ರೆ, ಗದ್ದ-ಮೇಲ್ತುಟಿ ಮೇಲೆ ದಪ್ಪ ಕೂದಲು ಬರ್ತಿದ್ರೆ, ತಲೆಗೂದಲು ತೆಳ್ಳಗಾಗ್ತಿದ್ರೆ ಮಾತ್ರ ಪಿಸಿಓಎಸ್ ಇದೆಯಾ ಅಂತ ನೋಡೋ ಟೆಸ್ಟ್‌ಗಳಿಗೆ ಅರ್ಥ ಇದೆ.

ಡಾಕ್ಟರ್ ಹುಡುಕೋದು. ಇಂದಿರಾನಗರದ ನೂರಡಿ ರಸ್ತೆ, ಸಿಎಂಎಚ್ ರಸ್ತೆಯಲ್ಲಿ ಒಂದು ರೌಂಡ್ ಹೊಡೆದ್ರೆ ಸ್ಕಿನ್ ಅಂಡ್ ಹೇರ್ ಬೋರ್ಡ್‌ಗಳಿಗೆ ಬರ ಇಲ್ಲ. ಬೋರ್ಡ್ ನೋಡಬೇಡಿ, ಹೆಸರಿನ ಮುಂದಿನ ಡಿಗ್ರಿ ನೋಡಿ. ಎಂಬಿಬಿಎಸ್ ಆದ ಮೇಲೆ ಚರ್ಮದಲ್ಲಿ ಎಂಡಿ ಅಥವಾ ಡಿಪ್ಲೊಮಾ ಆಗಿರಬೇಕು. ಚೀಟಿ ಮೇಲೆ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಇರಬೇಕು. ಲೇಸರ್ ಪ್ಯಾಕೇಜ್‌ನಿಂದ ಮಾತು ಶುರು ಮಾಡೋ ಕಡೆ ನಾನು ಎರಡನೇ ಸಲ ಹೋಗಲ್ಲ. ದುಡ್ಡಿನ ಚಿಂತೆ ಇದ್ರೆ ಶಿವಾಜಿನಗರದ ಬೌರಿಂಗ್ ಅಂಡ್ ಲೇಡಿ ಕರ್ಜನ್ ಆಸ್ಪತ್ರೆ ಇದೆ, ಸರ್ಕಾರಿ, ಚರ್ಮ ವಿಭಾಗ ಇದೆ. ಬೆಳಿಗ್ಗೆ ಬೇಗ ಹೋಗಬೇಕು, ಕ್ಯೂ ನಿಲ್ಲಬೇಕು, ಅಷ್ಟೇ.

ಸಾಮಾನ್ಯವಾಗಿ ಮೊದಲು ಕೊಡೋದು ಹಚ್ಚೋ ಔಷಧಿ. ಅಡಾಪಲೀನ್, ಬೆಂಜಾಯ್ಲ್ ಪೆರಾಕ್ಸೈಡ್, ಅಜೆಲಾಯಿಕ್ ಆಸಿಡ್. ಎಂಟರಿಂದ ಹನ್ನೆರಡು ವಾರ ಕಾಯಬೇಕು, ಮೊದಲ ವಾರಗಳಲ್ಲಿ ಚರ್ಮ ಸುಲಿದು ಇನ್ನೂ ಕೆಟ್ಟದಾಗಿ ಕಾಣುತ್ತೆ. ಬೆಂಜಾಯ್ಲ್ ಪೆರಾಕ್ಸೈಡ್ ಟವೆಲ್, ದಿಂಬಿನ ಕವರ್ ಬಣ್ಣ ತಿನ್ನುತ್ತೆ. ನನ್ನ ನೀಲಿ ದಿಂಬು ಈಗ ಚುಕ್ಕಿ ಚಿರತೆ. ಊತ ಜಾಸ್ತಿ ಇದ್ರೆ ಡಾಕ್ಸಿಸೈಕ್ಲಿನ್ ಥರದ ಆಂಟಿಬಯಾಟಿಕ್ ಕೊಡ್ತಾರೆ, ಅದು ಮೂರ್ನಾಲ್ಕು ತಿಂಗಳಿಗೆ ಮುಗಿಬೇಕು. ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ತಗೊಳ್ಳೋ ಮಾತ್ರೆ ಅಲ್ಲ.

ಇದಕ್ಕೂ ಬಗ್ಗದ ಮೊಡವೆಗೆ ಮಾತ್ರೆ. ನನಗೆ ಬರೆದಿದ್ದು ಸ್ಪೈರೊನೊಲ್ಯಾಕ್ಟೋನ್. ಮೆಡಿಕಲ್ ಸ್ಟೋರ್‌ನ ಅಂಕಲ್ ಚೀಟಿ ನೋಡಿ, ನನ್ನ ಮುಖ ನೋಡಿ, "ಹಾರ್ಟ್ ಪ್ರಾಬ್ಲಮ್ಮಾ ಮೇಡಂ?" ಅಂದ್ರು. ಮನೇಲಿ ಅಮ್ಮ ಅದರ ಹೆಸರು ಫೋನಲ್ಲಿ ಹುಡುಕಿ ಹೆದರಿಕೊಂಡ್ರು. ಅವರ ತಪ್ಪಲ್ಲ. ಇದು ಅರವತ್ತರ ದಶಕದಿಂದ ಬಿಪಿಗೆ, ಹೃದಯಕ್ಕೆ, ಕಾಲು ಊತಕ್ಕೆ ಕೊಡ್ತಾ ಬಂದಿರೋ ಮಾತ್ರೆ, ಮೂತ್ರ ಹೆಚ್ಚಿಸಿ ನೀರು ಇಳಿಸುತ್ತೆ. ಅದರ ಜೊತೆ ಆಂಡ್ರೊಜೆನ್ ಬಂದು ಕೂರೋ ಜಾಗಾನ ಇದು ಮೊದಲೇ ಹಿಡಿದುಬಿಡುತ್ತೆ. ಮೆಟ್ರೋದಲ್ಲಿ ಬ್ಯಾಗ್ ಇಟ್ಟು ಸೀಟು ಹಿಡಿಯೋ ಹಾಗೆ. ಎಣ್ಣೆ ಗ್ರಂಥಿಗೆ ಆರ್ಡರ್ ತಲುಪಲ್ಲ. ಮೊಡವೆಗೆ ಇದನ್ನ ಕೊಡೋದು ಲೇಬಲ್‌ನಲ್ಲಿ ಬರೆದಿಲ್ಲದ ಬಳಕೆ, ಆದ್ರೆ ಜಗತ್ತಿನೆಲ್ಲೆಡೆ ಚರ್ಮವೈದ್ಯರು ಕೊಡ್ತಾರೆ. ಹೆಂಗಸರಿಗೆ ಮಾತ್ರ. ಗಂಡಸರು ತಗೊಂಡ್ರೆ ಎದೆ ಬೆಳೆಯೋ ಸಾಧ್ಯತೆ ಇದೆ.

ಕೆಲಸ ಮಾಡುತ್ತಾ? 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 410 ಹೆಂಗಸರ ಮೇಲೆ ನಡೆದ ಪ್ರಯೋಗ ಬಂತು. ಅರ್ಧ ಜನಕ್ಕೆ ಈ ಮಾತ್ರೆ, ಅರ್ಧ ಜನಕ್ಕೆ ಔಷಧಿ ಇಲ್ಲದ ಸುಳ್ಳು ಮಾತ್ರೆ. ಹನ್ನೆರಡು ವಾರಕ್ಕೆ ಕೇಳಿದ್ರೆ "ನಂಗೆ ಸುಧಾರಿಸಿದೆ" ಅಂದವರು ಒಂದು ಕಡೆ 72 ಪರ್ಸೆಂಟ್, ಇನ್ನೊಂದು ಕಡೆ 68. ಅಂದ್ರೆ ಹೆಚ್ಚುಕಮ್ಮಿ ಸಮ. ಇಪ್ಪತ್ತನಾಲ್ಕು ವಾರಕ್ಕೆ ಕೇಳಿದಾಗ 82 ಮತ್ತು 63. ನಾನು ಈ ಎರಡು ಸಾಲನ್ನ ಫೋನಲ್ಲಿ ಸ್ಕ್ರೀನ್‌ಶಾಟ್ ಇಟ್ಕೊಂಡಿದ್ದೆ, ಯಾಕಂದ್ರೆ ಮೂರನೇ ತಿಂಗಳಲ್ಲಿ ನಾನು ಮಾತ್ರೆ ಬಿಸಾಕೋ ಹಂತಕ್ಕೆ ಬಂದಿದ್ದೆ. ಮೂರು ದಿನದಲ್ಲಿ ಮೋಡಿ ಮಾಡಿದ್ದು ಮುಖ ಕೆಡಿಸಿತ್ತು, ಮುಖ ಉಳಿಸೋ ಮಾತ್ರೆ ಮೂರು ತಿಂಗಳಾದ್ರೂ ಸುಮ್ಮನೆ ಕೂತಿತ್ತು. ನಂಗೆ ವ್ಯತ್ಯಾಸ ಕಂಡಿದ್ದು ಐದನೇ ತಿಂಗಳಲ್ಲಿ: ಪೀರಿಯಡ್ಸ್ ಬಂತು, ಗದ್ದದ ಮೇಲೆ ಏನೂ ಬರಲಿಲ್ಲ.

ಅಡ್ಡ ಪರಿಣಾಮ ಇದೆ. ಮೂತ್ರ ಜಾಸ್ತಿ. ಬಸ್ಸಲ್ಲಿ ಹೋಗೋ ದಿನ ಟಿನ್ ಫ್ಯಾಕ್ಟರಿ ಜಾಮ್‌ನಲ್ಲಿ ಸಿಕ್ಕಾಕೊಂಡಾಗ ಇದರ ಪೂರ್ತಿ ಅರ್ಥ ಆಗುತ್ತೆ. ಪೀರಿಯಡ್ಸ್ ಏರುಪೇರು, ಎದೆ ನೋವು, ತಲೆಸುತ್ತು, ತಲೆನೋವು. ದೇಹದಲ್ಲಿ ಪೊಟ್ಯಾಸಿಯಂ ಏರಬಹುದು. ಆರೋಗ್ಯವಾಗಿರೋ ಚಿಕ್ಕ ವಯಸ್ಸಿನವರಲ್ಲಿ ಇದು ಅಪರೂಪ, ಆದ್ರೆ ಕಿಡ್ನಿ ತೊಂದರೆ ಇರೋರು, ಕೆಲವು ಬಿಪಿ ಮಾತ್ರೆ ತಗೊಳ್ಳೋರು ಮೊದಲೇ ಹೇಳಬೇಕು. ಎಳನೀರಲ್ಲಿ ಪೊಟ್ಯಾಸಿಯಂ ತುಂಬಾ, ಹಾಗಾಗಿ ಅಂಥವರು ದಿನಾ ಎಳನೀರು ಕುಡೀತೀನಿ ಅನ್ನೋದನ್ನೂ ಹೇಳಬೇಕು. ಮಾತ್ರೆ ನಿಲ್ಲಿಸಿದ್ರೆ ಮೊಡವೆ ವಾಪಸ್ ಬರಬಹುದು, ಅದೂ ನಿಜ.

ಎರಡನೇ ದಾರಿ ಗರ್ಭನಿರೋಧಕ ಮಾತ್ರೆ, ಎರಡು ಹಾರ್ಮೋನ್ ಇರೋದು. ನನ್ನ ಆ ಸಹೋದ್ಯೋಗಿಗೆ ಇದೇ ಸರಿಹೋಯ್ತು. ಮುಂದೆ ಮಕ್ಕಳಾಗಲ್ಲ ಅನ್ನೋದು ಸುಳ್ಳು. ರಕ್ತ ಹೆಪ್ಪುಗಟ್ಟೋ ಅಪಾಯ ಸ್ವಲ್ಪ ಹೆಚ್ಚುತ್ತೆ ಅನ್ನೋದು ನಿಜ. ಕಣ್ಣ ಮುಂದೆ ಬೆಳಕು ಮಿಂಚಿ ಮೈಗ್ರೇನ್ ಬರೋರಿಗೆ, ಬಿಪಿ ಇರೋರಿಗೆ, 35 ದಾಟಿ ಸಿಗರೇಟ್ ಸೇದೋರಿಗೆ ಕೊಡಲ್ಲ.

ಮೂರನೇದು ಐಸೊಟ್ರೆಟಿನಾಯಿನ್. ಇದರ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. 1982ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ, ವಿಟಮಿನ್ ಎ ವಂಶದ ಔಷಧಿ. ಎಣ್ಣೆ ಗ್ರಂಥಿಯನ್ನೇ ಕುಗ್ಗಿಸುತ್ತೆ. ಹಠಮಾರಿ ಮೊಡವೆಗೆ ಇಷ್ಟು ಬಲವಾದದ್ದು ಬೇರೆ ಇಲ್ಲ. ಹಲಸೂರಿನ ನನ್ನ ಗೆಳತಿ ಏಳು ತಿಂಗಳು ತಗೊಂಡಳು. ತುಟಿ ಒಡೆಯೋದು ಬಹುತೇಕ ಎಲ್ಲರಿಗೂ ಆಗುತ್ತೆ, ಲಿಪ್ ಬಾಮ್ ಕೈಬಿಟ್ಟು ಹೋಗೋ ಹಾಗಿಲ್ಲ. ಖಾಲಿ ಹೊಟ್ಟೇಲಿ ತಗೊಂಡ್ರೆ ಸರಿಯಾಗಿ ಮೈಗೆ ಹತ್ತಲ್ಲ, ಊಟದ ಜೊತೆ, ಸ್ವಲ್ಪ ಎಣ್ಣೆ-ತುಪ್ಪ ಇರೋ ಊಟದ ಜೊತೆ ತಗೋಬೇಕು. ಲಿವರ್, ಕೊಬ್ಬಿನಂಶ ನೋಡೋಕೆ ರಕ್ತ ಪರೀಕ್ಷೆ. ವ್ಯಾಕ್ಸಿಂಗ್ ಮಾಡಿಸಬಾರದು, ಚರ್ಮ ಕಿತ್ತು ಬರುತ್ತೆ. ಡಾಕ್ಸಿಸೈಕ್ಲಿನ್ ಜೊತೆ ತಗೋಬಾರದು. ಮನಸ್ಸು ವಿಪರೀತ ಕುಗ್ಗಿದ್ರೆ ಡಾಕ್ಟರಿಗೆ ಫೋನ್ ಮಾಡಬೇಕು.

ಇದೆಲ್ಲಕ್ಕಿಂತ ದೊಡ್ಡ ವಿಷಯ: ಈ ಮಾತ್ರೆ ತಗೊಳ್ಳುವಾಗ ಗರ್ಭ ನಿಂತ್ರೆ ಮಗುವಿನ ಮೆದುಳು, ಹೃದಯ, ಮುಖ, ಕಿವಿಗೆ ಗಂಭೀರ ಹಾನಿ ಆಗೋ ಅಪಾಯ ತುಂಬಾ ಹೆಚ್ಚು. ಶುರು ಮಾಡೋಕೆ ಒಂದು ತಿಂಗಳು ಮುಂಚಿನಿಂದ, ತಗೊಳ್ಳೋ ಅಷ್ಟು ದಿನ, ನಿಲ್ಲಿಸಿದ ಮೇಲೆ ಒಂದು ತಿಂಗಳು, ಗರ್ಭ ಆಗಬಾರದು. ಅಷ್ಟು ದಿನ ರಕ್ತದಾನವೂ ಇಲ್ಲ, ನಿಮ್ಮ ರಕ್ತ ಒಬ್ಬ ಗರ್ಭಿಣಿಗೆ ಹೋಗಬಹುದು. ಆ ತಿಂಗಳು ಕಳೆದ ಮೇಲೆ ಭಯ ಇಲ್ಲ, ಮುಂದೆ ಮಕ್ಕಳಾಗೋಕೆ ಏನೂ ಅಡ್ಡಿ ಇಲ್ಲ. ಅಮೆರಿಕದಲ್ಲಿ 2006ರಿಂದ ಇದಕ್ಕೆ ಐಪ್ಲೆಡ್ಜ್ ಅನ್ನೋ ನೋಂದಣಿ ವ್ಯವಸ್ಥೆ ಇದೆ, ಅದರಲ್ಲಿ ಹೆಸರಿಲ್ಲದೆ ಮಾತ್ರೆ ಸಿಗಲ್ಲ. ನಮ್ಮಲ್ಲಿ ಅಂಥದ್ದಿಲ್ಲ. ಇರೋದು ಪೊಟ್ಟಣದ ಮೇಲಿನ ಎಚ್ಚರಿಕೆ, ಮತ್ತೆ ಡಾಕ್ಟರ್ ಬಾಯಿ.

ಆ ಬಾಯಿ ತೆರೆಯುತ್ತಾ? ಗೆಳತಿ ಅಮ್ಮನ ಜೊತೆ ಹೋಗಿದ್ದಳು. ಡಾಕ್ಟರ್ ಕೇಳಿದ್ದು ಅವಳನ್ನಲ್ಲ, ಅಮ್ಮನನ್ನ: "ಮದುವೆ ಯಾವಾಗ?" ಸದ್ಯಕ್ಕಿಲ್ಲ ಅಂದ್ರು ಅಮ್ಮ. ಚೀಟಿ ಬರೆದಾಯ್ತು. ಗರ್ಭ ಅನ್ನೋ ಪದಾನೇ ಬರಲಿಲ್ಲ. ಅವಳಿಗೆ ಆಗ ಬಾಯ್‌ಫ್ರೆಂಡ್ ಇದ್ದ. ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಅವಳು ಓದಿದ್ದು ಮೂರನೇ ವಾರದಲ್ಲಿ. ಆ ತಿಂಗಳ ಪೀರಿಯಡ್ಸ್ ನಾಲ್ಕು ದಿನ ತಡವಾಯ್ತು. ಆ ನಾಲ್ಕು ದಿನ ಅವಳು ಹೇಗಿದ್ದಳು ಅಂತ ನಾನು ನೋಡಿದ್ದೀನಿ. ಟೆಸ್ಟ್ ನೆಗೆಟಿವ್ ಬಂತು. ಮುಜುಗರ ಆಗಬಾರದು ಅಂತ ಒಂದು ಪ್ರಶ್ನೆ ಕೇಳಲಿಲ್ಲ, ಬೆಲೆ ಕಟ್ಟಬೇಕಾಗಿದ್ದವಳು ಅವಳು. "ಮದುವೆ ಯಾವಾಗ" ಅನ್ನೋದು "ಗರ್ಭಿಣಿ ಆಗೋ ಸಾಧ್ಯತೆ ಇದೆಯಾ" ಅನ್ನೋದಕ್ಕೆ ಸಮ ಅಲ್ಲ. ಸ್ಪೈರೊನೊಲ್ಯಾಕ್ಟೋನ್‌ಗೂ ಇದೇ ಪ್ರಶ್ನೆ ಬೇಕು, ಅದೂ ಗರ್ಭದಲ್ಲಿ ಸಲ್ಲದು, ಹೊಟ್ಟೆಯಲ್ಲಿರೋದು ಗಂಡು ಮಗು ಆದ್ರೆ ಬೆಳವಣಿಗೆಗೆ ತೊಂದರೆ ಆಗಬಹುದು.

ಅದಕ್ಕೆ ನಾನು ಮಾಡೋದು ಹೀಗೆ: ಅಮ್ಮ ಜೊತೆ ಬಂದ್ರೂ "ಎರಡು ನಿಮಿಷ ಒಬ್ಬಳೇ ಮಾತಾಡಬೇಕು ಡಾಕ್ಟರ್" ಅಂತೀನಿ. ಮೊದಲ ಸಲ ನಾಲಿಗೆ ತಡವರಿಸ್ತು. ಅಮ್ಮ ಹೊರಗೆ ಹೋಗಿ ಕೂತ್ರು, ಮುಖ ಸ್ವಲ್ಪ ಊದಿಸ್ಕೊಂಡು. ಬರ್ತಾ ಆಟೋದಲ್ಲಿ ಏನೂ ಕೇಳಲಿಲ್ಲ. ಮನೆ ಹತ್ತಿರ ಬಂದಾಗ "ಆ ಮಾತ್ರೆ ಊಟಕ್ಕೆ ಮುಂಚೆನಾ ಆಮೇಲಾ?" ಅಂದ್ರು.

ನಾನೀಗ ಹದಿನಾಲ್ಕನೇ ತಿಂಗಳಲ್ಲಿದ್ದೀನಿ, ಡೋಸ್ ಅರ್ಧಕ್ಕೆ ಇಳಿದಿದೆ. ಎಡ ದವಡೆ ಮೇಲೆ ಎರಡು ಕಲೆ ಉಳಿದಿವೆ. ಮುಂದಿನ ಸಂಚಿಕೆ ಆ ಕಲೆಗಳ ಬಗ್ಗೆ, ಸನ್‌ಸ್ಕ್ರೀನ್ ಬಗ್ಗೆ. ಸಿಗೋಣ.