ವಾಸವಿರುವಾಗಲೇ ಕಟ್ಟುವ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ನಮ್ಮ ಹಿರಿಯರ ಎಚ್ಚರಿಕೆಯ ಮಾತು. ಆದರೆ ಮನೆ ಕಟ್ಟುವವನಿಗೆ ಒಂದು ಅನುಕೂಲವಾದರೂ ಉಂಟು: ಮಾಡು ಹೊದಿಸಿ ಮುಗಿಯುವ ತನಕ ಒಳಗೆ ಯಾರೂ ವಾಸಕ್ಕೆ ಬರುವುದಿಲ್ಲ. ಮೊದಲ ಕೋಣೆ ಎದ್ದ ದಿನವೇ ಸಂಸಾರ ಬಂದು ನೆಲಸಿ, ಅವರು ಉಂಡು ಮಲಗುತ್ತಿರುವಾಗಲೇ ಉಳಿದ ಕೋಣೆಗಳನ್ನು ಎಬ್ಬಿಸಬೇಕಾದರೆ? ಅಂತರ್ಜಾಲದ ಮೂಲಕ ಪಾಠ ಹೇಳುವ ವ್ಯವಸ್ಥೆಯನ್ನು ಕಟ್ಟುವವರ ಪಾಡು ಇಂಥದು. ಅದನ್ನು ಹಂತಹಂತವಾಗಿ ಹೇಗೆ ಯೋಜಿಸಬೇಕೆಂಬುದನ್ನು ಒಂದು ನಿದರ್ಶನದ ಮೂಲಕ ವಿವರಿಸುವುದು ಇಂದಿನ ನನ್ನ ಉದ್ದೇಶ. ನಾನು ಕನ್ನಡದ ಅಧ್ಯಾಪಕನಾಗಿದ್ದವನು. ಯಂತ್ರಶಾಸ್ತ್ರ ನನ್ನ ವಿಷಯವಲ್ಲ. ಆದರೂ ಇದು ಯಂತ್ರಜ್ಞರಿಗೆ ಮಾತ್ರ ಬಿಟ್ಟುಬಿಡಬಹುದಾದ ಕೆಲಸವಲ್ಲವೆಂದು ನನ್ನ ನಂಬಿಕೆ.

ನಿದರ್ಶನದ ಹೆಸರು ಮೂಡಲ್. ನಮ್ಮ ಮೂಡಲ ದಿಕ್ಕಿಗೂ ಇದಕ್ಕೂ ಸಂಬಂಧವಿಲ್ಲ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಒಂದು ತಂತ್ರಾಂಶದ ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದಾದ ಮಾತು ಅದು. ಪಾಠವನ್ನು ಇಡುವುದಕ್ಕೆ, ಅಭ್ಯಾಸ ಕೊಡುವುದಕ್ಕೆ, ಉತ್ತರ ತಿದ್ದುವುದಕ್ಕೆ, ವಿದ್ಯಾರ್ಥಿಗಳು ತಮ್ಮತಮ್ಮಲ್ಲಿ ಚರ್ಚಿಸುವುದಕ್ಕೆ ಅದರಲ್ಲಿ ಎಡೆಯಿದೆ. ಅದನ್ನು ಆರಂಭಿಸಿದವರು ಮಾರ್ಟಿನ್ ಡೂಗಿಯಾಮಸ್. ಅವರ ಬಾಲ್ಯ ಕಳೆದದ್ದು ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯ ಸೀಮೆಯಲ್ಲಿ. ಹತ್ತಿರದಲ್ಲಿ ಶಾಲೆಯಿಲ್ಲದ ಆ ಹುಡುಗನಿಗೆ ಪಾಠ ಬರುತ್ತಿದ್ದುದು ಬಾನುಲಿಯಲ್ಲಿ. ಅಂಥ ಮಕ್ಕಳಿಗಾಗಿ ಆ ದೇಶದಲ್ಲಿ 1951ರಲ್ಲಿಯೇ, ಆಲಿಸ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ, ಆಕಾಶಶಾಲೆಯೊಂದು ಆರಂಭವಾಗಿತ್ತು. ರೋಗಿಯಿದ್ದೆಡೆಗೆ ವಿಮಾನದಲ್ಲಿ ಹೋಗುವ ವೈದ್ಯರ ಸಂಸ್ಥೆಯ ರೇಡಿಯೋ ವ್ಯವಸ್ಥೆಯನ್ನೇ ಪಾಠಕ್ಕೂ ಬಳಸಿಕೊಂಡರು. ಆ ಶಾಲೆಯ ಮಗು ಪಾಠ ಕೇಳುವುದಷ್ಟೇ ಅಲ್ಲ, ಗುರುವಿಗೆ ಮರುಮಾತನ್ನೂ ಆಡಬಹುದಾಗಿತ್ತು. ದೂರವಿದ್ದರೂ ಸಂವಾದ ನಿಲ್ಲಬಾರದು ಎಂಬ ತತ್ತ್ವ ಮುಂದೆ ಮೂಡಲ್‌ನಲ್ಲಿಯೂ ಎದ್ದು ಕಾಣುತ್ತದೆ.

ಡೂಗಿಯಾಮಸ್ ಅವರು ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ, ಕೊಂಡು ತಂದ ಬೋಧನಾ ತಂತ್ರಾಂಶವೊಂದರ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಕೊಂಡ ತಂತ್ರಾಂಶದ ಒಳಗನ್ನು ಬಿಚ್ಚಿ ತಿದ್ದುವ ಅಧಿಕಾರ ಕೊಂಡವರಿಗೆ ಇರುವುದಿಲ್ಲ. ಆದ್ದರಿಂದ ತಾವೇ ಒಂದನ್ನು ರಚಿಸತೊಡಗಿ, 2002ರ ಆಗಸ್ಟ್ 20ರಂದು ಮೊದಲ ಆವೃತ್ತಿಯನ್ನು ಹೊರತಂದರು. ಯಾರು ಬೇಕಾದರೂ ಬಳಸಬಹುದು, ಒಳಗನ್ನು ಓದಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚಿದವರು ಆ ತಿದ್ದುಪಡಿಯನ್ನೂ ಇದೇ ಷರತ್ತಿನ ಮೇಲೆ ತೆರೆದಿಡಬೇಕು. ಮುಕ್ತ ತಂತ್ರಾಂಶವೆಂದರೆ ಇದು. ಇದರಲ್ಲಿ ಅಧ್ಯಾಪಕನ ಹಿತವೇ ಅಡಗಿದೆ. ಹತ್ತು ವರ್ಷ ದುಡಿದು ಸಿದ್ಧಪಡಿಸಿದ ಪಾಠಗಳು ಒಂದು ಕಂಪೆನಿಯ ಬಾಗಿಲು ಮುಚ್ಚಿದೊಡನೆ ಅಳಿದುಹೋಗಬಾರದಲ್ಲವೆ?

ಇನ್ನು ಹಂತಗಳ ವಿಚಾರ. ದೊಡ್ಡ ಕೆಲಸವನ್ನು ಭಾಗ ಮಾಡುವುದರಲ್ಲಿ ಎರಡು ರೀತಿಯುಂಟು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಎಂಟು ಸಂಪುಟಗಳಲ್ಲಿ ಬಂತು. ಮೊದಲನೆಯದು 1970ರಲ್ಲಿ, ಕೊನೆಯದು 1995ರಲ್ಲಿ. ಅಕಾರಾದಿಯಾಗಿ ಸಾಗಿದ ಆ ಕಾರ್ಯಕ್ಕೆ ಆ ಕ್ರಮವೇ ಸರಿ. ಹಕಾರದ ಪದಕ್ಕೆ ಓದುಗ ಕಾಯಬೇಕಾಯಿತು, ಕಾದನು. ಆದರೆ ಪಾಠದ ವ್ಯವಸ್ಥೆಯನ್ನು ಹೀಗೆ ಕಟ್ಟಲಾಗದು. ಈ ವರ್ಷ ಪಾಠ ಇಡುವ ಸೌಕರ್ಯ, ಮುಂದಿನ ವರ್ಷ ಪ್ರಶ್ನೆ ಕೇಳುವ ಸೌಕರ್ಯ, ಅದರಾಚೆಯ ವರ್ಷ ಉತ್ತರ ತಿದ್ದುವ ಸೌಕರ್ಯ ಎಂದರೆ ಮೂರು ವರ್ಷ ಯಾರಿಗೂ ಪ್ರಯೋಜನವಿಲ್ಲ. ಇಲ್ಲಿ ಮೊದಲ ಹಂತ ಮರದ ಒಂದು ಕೊಂಬೆಯಾಗಬಾರದು, ಸಸಿಯಾಗಬೇಕು. ಸಸಿ ಚಿಕ್ಕದು; ಆದರೆ ಬೇರು, ಕಾಂಡ, ಎಲೆ ಮೂರೂ ಅದಕ್ಕುಂಟು. ಒಬ್ಬ ಅಧ್ಯಾಪಕ, ಒಂದು ತರಗತಿ, ಒಂದು ಪಾಠ ಮೊದಲಿನಿಂದ ಕೊನೆಯವರೆಗೆ ನಡೆದರೆ ಮೊದಲ ಹಂತ ಗೆದ್ದಂತೆ.

ಎರಡನೆಯ ಹಂತ ಬೆಳವಣಿಗೆಯದು. ಮೂಡಲ್ ನಡುಮನೆಯೊಂದನ್ನು ಗಟ್ಟಿಯಾಗಿ ಕಟ್ಟಿ, ಚರ್ಚೆ, ರಸಪ್ರಶ್ನೆ, ಅಭ್ಯಾಸ ಮೊದಲಾದವುಗಳನ್ನು ಅದಕ್ಕೆ ಹೊಂದಿಕೊಂಡ ಬೇರೆಬೇರೆ ಕೋಣೆಗಳಂತೆ ರೂಪಿಸಿತು. ಇದರಿಂದ ದೂರದ ದೇಶದ ಅಧ್ಯಾಪಕನೊಬ್ಬ ನಡುಮನೆಯನ್ನು ಕದಲಿಸದೆ ತನಗೆ ಬೇಕಾದ ಕೋಣೆಯನ್ನು ತಾನೇ ಸೇರಿಸಬಹುದು. ಯಾವುದು ನಡುಮನೆ, ಯಾವುದು ಕೋಣೆ ಎಂಬ ವಿವೇಕವೇ ಈ ಹಂತದ ಪ್ರಾಣ. ಕೇಳಿದವರಿಗೆಲ್ಲ ನಡುಮನೆಯಲ್ಲಿಯೇ ಜಾಗ ಕೊಟ್ಟರೆ ಕೊನೆಗೆ ಯಾರಿಗೂ ಕಾಲಿಡಲು ಸ್ಥಳವಿರುವುದಿಲ್ಲ.

ಮೂರನೆಯದು ತಳಪಾಯದ ದುರಸ್ತಿ. ಮೂಡಲ್‌ನ 1.9ನೆಯ ಆವೃತ್ತಿ 2008ರ ಮಾರ್ಚಿನಲ್ಲಿ ಬಂತು; ಮುಂದಿನ ದೊಡ್ಡ ಆವೃತ್ತಿಯಾದ 2.0 ಬಂದುದು 2010ರ ನವೆಂಬರಿನಲ್ಲಿ. ಕಡತಗಳನ್ನು ಇಡುವ ರೀತಿ, ಪಾಠಗಳ ಪ್ರತಿ ತೆಗೆದಿರಿಸುವ ರೀತಿ ಮುಂತಾದ ಮೂಲದ ಕೆಲಸಗಳನ್ನೇ ಆಗ ಹೊಸದಾಗಿ ಮಾಡಲಾಯಿತು. ಆ ಬಳಿಕ, 2011ರಿಂದ, ಸುಮಾರು ಆರು ತಿಂಗಳಿಗೊಮ್ಮೆ ಒಂದು ಆವೃತ್ತಿ ಎಂಬ ಪದ್ಧತಿ ನೆಲೆಗೊಂಡಿತು. ಹೊತ್ತಿಗೆ ಸರಿಯಾಗಿ ಹೊರಡುವ ಬಸ್ಸಿನಂತೆ ಇದು. ಸಿದ್ಧವಾದ ಕೆಲಸ ಹತ್ತುತ್ತದೆ, ಸಿದ್ಧವಾಗದ್ದು ಮುಂದಿನ ಬಸ್ಸಿಗೆ ಕಾಯುತ್ತದೆ. ಒಬ್ಬರಿಗಾಗಿ ಬಸ್ಸನ್ನೇ ನಿಲ್ಲಿಸಿದರೆ ಉಳಿದವರೆಲ್ಲರ ಪ್ರಯಾಣ ಕೆಡುತ್ತದೆ. ಪದೇಪದೇ ಬದಲಾಯಿಸಲಾರದ ಸಂಸ್ಥೆಗಳಿಗಾಗಿ ಕೆಲವು ಆವೃತ್ತಿಗಳನ್ನು ಹೆಚ್ಚು ಕಾಲ ದುರಸ್ತಿ ಮಾಡುತ್ತ ಉಳಿಸಿಕೊಳ್ಳುವ ಏರ್ಪಾಡೂ ಇದೆ. ನಡುವರ್ಷದಲ್ಲಿ ಪಠ್ಯಪುಸ್ತಕ ಬದಲಾದರೆ ಆಗುವ ಫಜೀತಿ ಬಲ್ಲ ಅಧ್ಯಾಪಕರಿಗೆ ಇದರ ಬೆಲೆ ತಿಳಿದೀತು.

ಕನ್ನಡಿಗರಾದ ನಾವು ವಿಶೇಷವಾಗಿ ಗಮನಿಸಬೇಕಾದ ಒಂದಂಶವಿದೆ. ಭಾಷಾಂತರವನ್ನು ಕೊನೆಯ ಹಂತಕ್ಕೆ, ಸುಣ್ಣಬಣ್ಣದ ಕೆಲಸವೆಂಬಂತೆ, ತಳ್ಳುವುದು ವಾಡಿಕೆ. ಅದು ಸಲ್ಲದು. ಇಂಗ್ಲಿಷಿನಲ್ಲಿ ಒಂದು ಪುಟ್ಟ ಪದವನ್ನು ಮುಂದಿಟ್ಟು ವ್ಯಕ್ತಿಯ ಹೆಸರನ್ನು ಹಾಗೆಯೇ ಪಕ್ಕದಲ್ಲಿರಿಸಿದರೆ ‘ಇಂಥವರಿಗೆ’ ಎಂಬ ಅರ್ಥ ಬರುತ್ತದೆ. ಕನ್ನಡದಲ್ಲಿ ಚತುರ್ಥೀ ವಿಭಕ್ತಿ ಹೆಸರಿಗೇ ಹತ್ತಬೇಕು, ಹತ್ತುವಾಗ ರೂಪವೂ ಬದಲಾಗಬೇಕು: ರಾಮನಿಗೆ, ಸೀತೆಗೆ, ಗುರುವಿಗೆ. ಇದನ್ನರಿಯದ ಯಂತ್ರ ‘ರಾಮ ಗೆ’, ‘ಗುರು ಗೆ’ ಎಂದು ಬರೆದೀತು. ಉತ್ತರ ಸಲ್ಲಿಸಿದನೋ, ಸಲ್ಲಿಸಿದಳೋ ಎಂಬ ತೊಡಕು ಬೇರೆ. ಪೂರ್ಣ ವಾಕ್ಯಗಳನ್ನು ಯಂತ್ರಲಿಪಿಯಿಂದ ಬೇರ್ಪಡಿಸಿ ಇಟ್ಟಿದ್ದರೆ ಭಾಷಾಂತರಕಾರನು ‘ಪಡೆಯುವವರು’ ಎಂದು ಬರೆದು ಮುಂದೆ ಹೆಸರಿಡಬಹುದು, ‘ಸಲ್ಲಿಸಿದ್ದಾರೆ’ ಎಂದು ಗೌರವದ ಬಹುವಚನ ಬಳಸಬಹುದು. ವಾಕ್ಯವನ್ನು ತುಂಡುತುಂಡಾಗಿ ಅಂಟಿಸಿದ್ದರೆ ಯಾವ ಪಂಡಿತನೂ ಅದನ್ನು ಸರಿಪಡಿಸಲಾರ. ಮೂಡಲ್‌ನಲ್ಲಿ ಭಾಷೆಯ ಸಾಮಗ್ರಿಯನ್ನು ಬೇರೆಯಾಗಿಯೇ ಇಟ್ಟಿರುವುದರಿಂದ ಕನ್ನಡಕ್ಕೂ ಅಲ್ಲಿ ಸ್ಥಾನವಿದೆ. ಅನುವಾದವಾಗದ ಮಾತು ಇಂಗ್ಲಿಷಿನಲ್ಲಿ ಕಾಣಿಸಿಕೊಳ್ಳುತ್ತದೆ. ಅದನ್ನು ಕನ್ನಡಿಸುವ ಹೊಣೆ ನಮ್ಮದು.

ಮುಕ್ತವೆಂದರೆ ಖರ್ಚಿಲ್ಲದ್ದು ಎಂದು ಭಾವಿಸಬಾರದು. ಬಾವಿ ಊರಿನದೇ ಆದರೂ ಹಗ್ಗ, ರಾಟೆ, ಹೂಳೆತ್ತುವ ಆಳು ಇವಕ್ಕೆ ಹಣ ಬೇಕು. ಮೂಡಲ್‌ನ ಹೆಸರಿನಲ್ಲಿ ಸೇವೆ ಮಾರುವ ಅಧಿಕೃತ ಸಂಸ್ಥೆಗಳು ತಮ್ಮ ಆದಾಯದ ಒಂದು ಪಾಲನ್ನು ಮೂಲ ಸಂಸ್ಥೆಗೆ ಕೊಡುತ್ತವೆ. ತಂತ್ರಾಂಶವನ್ನು ಸ್ಥಾಪಿಸುವ ಕಾಲೇಜು ಕೂಡ ಯಂತ್ರ, ವಿದ್ಯುತ್ತು, ನೋಡಿಕೊಳ್ಳುವ ಮನುಷ್ಯ ಇವುಗಳ ಲೆಕ್ಕವನ್ನು ಮೊದಲ ಹಂತದಲ್ಲಿಯೇ ಬರೆದಿಡಬೇಕು.

ಕೊನೆಯದಾಗಿ, ಪ್ರತಿಯೊಂದು ಹಂತದಲ್ಲಿಯೂ ಕೇಳಿಕೊಳ್ಳಬೇಕಾದ ಪ್ರಶ್ನೆ: ಹೊಸ್ತಿಲಾಚೆ ಉಳಿದವರು ಯಾರು? 2020ರಲ್ಲಿ ಶಾಲೆಗಳು ಮುಚ್ಚಿದಾಗ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳ ಅಧ್ಯಾಪಕರು ವಿದ್ಯಾಗಮ ಯೋಜನೆಯಲ್ಲಿ ಮಕ್ಕಳಿದ್ದೆಡೆಗೇ ನಡೆದು ಹೋಗಿ ಪಾಠ ಹೇಳಿದರು. ಫೋನಿಲ್ಲದ, ಸಂಪರ್ಕವಿಲ್ಲದ ಮನೆಗಳು ಎಷ್ಟಿವೆಯೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. ಸಂಪರ್ಕ ಸಿಕ್ಕಾಗ ಪಾಠವನ್ನು ಇಳಿಸಿಕೊಂಡು, ಇಲ್ಲದಾಗ ಓದಿ, ಮತ್ತೆ ಸಿಕ್ಕಾಗ ಉತ್ತರ ಕಳುಹಿಸುವ ಅನುಕೂಲ ಮೂಡಲ್‌ನ ಮೊಬೈಲ್ ರೂಪದಲ್ಲಿದೆ. ಅದೂ ತಲುಪದ ಮಗುವಿಗೆ ಮುದ್ರಿತ ಹಾಳೆಯನ್ನೂ ಮೇಷ್ಟರ ಕಾಲ್ನಡಿಗೆಯನ್ನೂ ಯೋಜನೆಯಲ್ಲಿ ಬರೆದಿರಬೇಕು. ಯಂತ್ರಕ್ಕೆ ಏನೇನು ಸೇರಿಸಿದೆವು ಎಂಬುದು ಹಂತದ ಅಳತೆಯಲ್ಲ. ಹೊಸದಾಗಿ ಎಷ್ಟು ಮಕ್ಕಳು ಒಳಗೆ ಬಂದರು ಎಂಬುದೇ ಅದರ ಅಳತೆ.