ವಿದ್ಯುತ್ ಮಾರ್ಗದ ಕಾವಲುಗಾರರು

ನಮ್ಮ ಕಾಸರಗೋಡಿನ ಕಡೆ ಆಟಿ ತಿಂಗಳ ರಾತ್ರಿಗಳಲ್ಲಿ ಗಾಳಿಗೆ ಕಳಚಿದ ತೆಂಗಿನ ಮಡಲು ವಿದ್ಯುತ್ ತಂತಿಗಳ ಮೇಲೆ ಬೀಳುವುದುಂಟು. ಆಗ ನಮ್ಮೂರಿನ ದೀಪಗಳು ಆರುತ್ತವೆ. ಹೊಳೆಯಾಚೆಯ ಊರಿನಲ್ಲಿ ಮಾತ್ರ ಬೆಳಕು ಉರಿಯುತ್ತಲೇ ಇರುತ್ತದೆ. ಇದು ಆಕಸ್ಮಿಕವಲ್ಲ. ಇದರ ಹಿಂದೆ ಅಚ್ಚುಕಟ್ಟಾದ ಲೆಕ್ಕಾಚಾರವೊಂದಿದೆ.

ವಿದ್ಯುತ್ತು ಮನೆಗೆ ಬಂದ ದಾರಿಯನ್ನು ಹಿಂದಕ್ಕೆ ಅರಸಿಕೊಂಡು ಹೋಗೋಣ. ಮೊದಲು ಮನೆಯ ಫ್ಯೂಸು. ಅನಂತರ ರಸ್ತೆಬದಿಯ ಟ್ರಾನ್ಸ್‌ಫಾರ್ಮರು ಮತ್ತು ಅದರ ಫ್ಯೂಸು. ಅದರಾಚೆ ಫೀಡರ್ ಎನಿಸುವ 11,000 ವೋಲ್ಟಿನ ಮಾರ್ಗ. ಇಂಥ ಹಲವು ಫೀಡರುಗಳು ಒಂದೇ ಸಬ್‌ಸ್ಟೇಷನ್ನಿನಿಂದ ಕವಲೊಡೆಯುತ್ತವೆ. ಅಲ್ಲಿ ಪ್ರತಿಯೊಂದು ಫೀಡರಿಗೂ ಒಂದು ರಿಲೇ; ಅವೆಲ್ಲಕ್ಕೂ ವಿದ್ಯುತ್ತನ್ನು ಒದಗಿಸುವ ಮುಖ್ಯ ಮಾರ್ಗಕ್ಕೆ ಇನ್ನೊಂದು ರಿಲೇ. ಪ್ರವಾಹವು ಮಿತಿಮೀರಿದಾಗ ಮಾರ್ಗವನ್ನು ಕಡಿಯುವಂತೆ ಸರ್ಕ್ಯೂಟ್ ಬ್ರೇಕರಿಗೆ ಆಜ್ಞೆ ಕೊಡುವುದೇ ರಿಲೇಯ ಕೆಲಸ.

ಕಾವಲುಗಾರರು ಹಲವರಿದ್ದಾಗ ಸರದಿ ಬೇಕು. ದೋಷಕ್ಕೆ ಸಮೀಪದಲ್ಲಿರುವವನು ಮೊದಲು ಎಚ್ಚರಗೊಳ್ಳಬೇಕು. ಅವನು ತಪ್ಪಿದರೆ ಮಾತ್ರ ಹಿಂದಿನವನು ಮುಂದಾಗಬೇಕು. ಇಬ್ಬರ ನಡುವೆ ಸಾಮಾನ್ಯವಾಗಿ 0.3ರಿಂದ 0.4 ಸೆಕೆಂಡಿನ ಅಂತರವನ್ನು ಇಡುತ್ತಾರೆ. ಬ್ರೇಕರು ತೆರೆದುಕೊಳ್ಳುವ ಕಾಲಕ್ಕೂ ರಿಲೇಗಳ ಅಲ್ಪಸ್ವಲ್ಪ ತಪ್ಪಿಗೂ ಅದರಲ್ಲಿ ಎಡೆಯಿರಬೇಕು. ಅತಿಯಾಗಿ ಕಾಯುವುದೂ ಸಲ್ಲದು. ಕಾದಷ್ಟೂ ತಂತಿ ಬಿಸಿಯೇರಿ ಕರಗೀತು.

ಒಂದು ಉದಾಹರಣೆಯನ್ನು ನೋಡೋಣ. ಪ್ರವಾಹ ಹೆಚ್ಚಿದಷ್ಟೂ ಬೇಗನೆ ಕೆಲಸ ಮಾಡುವುದು ಈ ರಿಲೇಗಳ ಸ್ವಭಾವ. ಫೀಡರಿನ ರಿಲೇಯನ್ನು 200 ಆಂಪಿಯರಿಗೂ ಮುಖ್ಯ ರಿಲೇಯನ್ನು 400 ಆಂಪಿಯರಿಗೂ ಹೊಂದಿಸಿದೆ ಎನ್ನಿ. ಕಾಲವನ್ನು ಹೆಚ್ಚುಕಡಿಮೆ ಮಾಡುವ ಗುಣಕವು ಫೀಡರಿಗೆ 0.1, ಮುಖ್ಯ ರಿಲೇಗೆ 0.2 ಇರಲಿ. ಸಬ್‌ಸ್ಟೇಷನ್ನಿನ ಬಳಿ ದೋಷವುಂಟಾಗಿ 4,000 ಆಂಪಿಯರ್ ಹರಿದರೆ, ಪ್ರಮಾಣಿತ ಸೂತ್ರದಂತೆ ಫೀಡರಿನ ರಿಲೇ 0.227 ಸೆಕೆಂಡಿನಲ್ಲಿಯೂ ಮುಖ್ಯ ರಿಲೇ 0.594 ಸೆಕೆಂಡಿನಲ್ಲಿಯೂ ಆಜ್ಞೆ ಕೊಡುತ್ತವೆ. ಅಂತರ 0.367 ಸೆಕೆಂಡು, ಸರದಿ ಸರಿಯಾಗಿದೆ.

ಪದೇ ಪದೇ ಕರೆಂಟು ಹೋಗುತ್ತದೆಂದು ಬೇಸತ್ತು, ಫೀಡರಿನ ಗುಣಕವನ್ನಷ್ಟೇ 0.3ಕ್ಕೆ ಏರಿಸಿದರೆ ಏನಾದೀತು? ಅದರ ಕಾಲ 0.68 ಸೆಕೆಂಡಾಗುತ್ತದೆ. ಆಗ ಮುಖ್ಯ ರಿಲೇಯೇ ಮೊದಲು ಎಚ್ಚರಗೊಂಡು, ಎಲ್ಲ ಫೀಡರುಗಳೂ ಒಮ್ಮೆಗೇ ಕತ್ತಲಾಗುತ್ತವೆ. ಒಂದು ಮಡಲಿನ ದೆಸೆಯಿಂದ ದೂರದ ಆಸ್ಪತ್ರೆಯ ದೀಪವೂ ಆರುತ್ತದೆ. ಕುಡಿಯುವ ನೀರಿನ ಪಂಪೂ ನಿಲ್ಲುತ್ತದೆ. ಆದುದರಿಂದ ಒಂದು ರಿಲೇಯನ್ನು ಬದಲಿಸುವವರು ಅದರ ಹಿಂದಿನ, ಮುಂದಿನ ಕಾವಲುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಹಿಂದಿನ ರಿಲೇಗಳಲ್ಲಿ ಅಲ್ಯೂಮಿನಿಯಂ ಬಿಲ್ಲೆ ತಿರುಗಿ ಕಾಲವನ್ನು ಅಳೆಯುತ್ತಿತ್ತು. ಇಂದಿನವು ಗಣಕದಂತೆ ಎಣಿಸುತ್ತವೆ. ನಿಯಮ ಮಾತ್ರ ಒಂದೇ.

ಈ ನಿಯಮ ನಮ್ಮ ಮನೆಗೂ ಸಲ್ಲುತ್ತದೆ. ಸುಟ್ಟ ಫ್ಯೂಸಿಗೆ ದಪ್ಪ ತಂತಿ ಕಟ್ಟಿದರೆ ಮೊದಲ ಕಾವಲುಗಾರನನ್ನೇ ನಿದ್ದೆಗೆ ನೂಕಿದಂತೆ. ಗೋಡೆಯೊಳಗಿನ ತಂತಿ ಹೊತ್ತಿಕೊಂಡೀತು.

ಕೊನೆಯದಾಗಿ ವಿದ್ಯಾರ್ಥಿಗಳೂ ಪೋಷಕರೂ ಮರೆಯಬಾರದ ಮಾತೊಂದಿದೆ. ಹರಿದ ತಂತಿ ಮುರಕಲ್ಲಿನ ಒಣ ನೆಲದ ಮೇಲೆ ಬಿದ್ದಾಗ ಹರಿಯುವ ಪ್ರವಾಹ ತೀರ ಅಲ್ಪವಾಗಿರಬಹುದು. ಅಷ್ಟು ಅಲ್ಪವಾದುದು ರಿಲೇಯ ಅರಿವಿಗೆ ಬಾರದೆ ಹೋದೀತು. ಆದರೆ ಮನುಷ್ಯನ ಜೀವ ತೆಗೆಯಲು ಅದೇ ಸಾಕು. ಬಿದ್ದ ತಂತಿಯಲ್ಲಿ ವಿದ್ಯುತ್ತಿಲ್ಲವೆಂದು ಎಂದಿಗೂ ಭಾವಿಸದಿರಿ. ದೂರ ನಿಂತು, ಇತರರನ್ನೂ ತಡೆದು, 1912ಕ್ಕೆ ಕರೆಮಾಡಿ. ಅಲ್ಲಿ ಕೊನೆಯ ಕಾವಲುಗಾರರು ನೀವೇ.