ಅಂಗಳದ ರೈಲಿಗೆ ದನಿ

ಮಕ್ಕಳ ಆಟಿಗೆಯ ರೈಲು ಬೇರೆ, ಅಂಗಳದ ರೈಲು ಬೇರೆ. ಮೊದಲನೆಯದು ಮೇಜಿನ ಕೆಳಗೆ ಎರಡು ದಿನ ಓಡಿ ಮುರಿದುಹೋಗುತ್ತದೆ. ಎರಡನೆಯದು ಗಿಡಗಳ ನಡುವೆ, ಮಣ್ಣಿನ ಮೇಲೆ, ಬಿಸಿಲಿನಲ್ಲಿ ವರ್ಷಗಟ್ಟಲೆ ಓಡತಕ್ಕದ್ದು. ಇದಕ್ಕೆ ಹೆಚ್ಚಾಗಿ ಹಿತ್ತಾಳೆಯ ಹಳಿ. ಹಳಿಗಳ ನಡುವಣ ಅಂತರ 45 ಮಿಲಿಮೀಟರು. 1968ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನಿಂದ ಎಲ್.ಜಿ.ಬಿ. ಎಂಬ ಹೆಸರಿನ ಬಂಡಿಗಳು ಹೊರಬಂದ ಮೇಲೆ ಈ ಹವ್ಯಾಸ ಬಹಳ ಹರಡಿತು. ನಮ್ಮ ಬ್ರಾಡ್‌ಗೇಜಿನ 1,676 ಮಿಲಿಮೀಟರನ್ನು 45ಕ್ಕೆ ಇಳಿಸಿದರೆ ಸುಮಾರು 37ರಲ್ಲಿ ಒಂದು ಪಾಲು. ಆ ಲೆಕ್ಕದಲ್ಲಿ 17 ಮೀಟರು ಉದ್ದದ ಡೀಸೆಲ್ ಎಂಜಿನ್ನು ಸುಮಾರು 46 ಸೆಂಟಿಮೀಟರಾಗುತ್ತದೆ. ಹೊನ್ನಾವರದ ಶರಾವತಿ ಸೇತುವೆ 2,065 ಮೀಟರು. ಅದನ್ನು ಕಟ್ಟಹೊರಟರೆ 55 ಮೀಟರು ಉದ್ದದ ಅಂಗಳ ಬೇಕು! ಕುಮಟೆಯಲ್ಲಿರುವ ನನ್ನ ಸೋದರಮಾವನ ಅಂಗಳ ಅಷ್ಟು ದೊಡ್ಡದಲ್ಲ. ಸೇತುವೆಯ ಆಸೆ ಬಿಟ್ಟು ಎಂಜಿನ್ನಿಗೆ ದನಿ ಕೂಡಿಸುವ ಕೆಲಸಕ್ಕೆ ಕೈ ಹಾಕಿದೆವು.

ಇತಿಹಾಸದ ವಿದ್ಯಾರ್ಥಿಗೆ ಈ ತಂತಿ-ತಗಡಿನ ಉಸಾಬರಿ ಏಕೆಂದು ಸಹಪಾಠಿಗಳು ಕೇಳಿದ್ದುಂಟು. ನಾವು ಶಾಸನವನ್ನು ಕಾಪಾಡುತ್ತೇವೆ, ತಾಳೆಗರಿಯನ್ನು ಕಾಪಾಡುತ್ತೇವೆ. ಶಬ್ದವನ್ನು ಕಾಪಾಡುವವರು ಯಾರು? ಕೊಂಕಣ ರೈಲ್ವೆಯ ಪೂರ್ಣ ಮಾರ್ಗದಲ್ಲಿ ಬಂಡಿಗಳು ಓಡತೊಡಗಿದ್ದು 1998ರ ಜನವರಿಯಲ್ಲಿ. ಆ ವೇಳೆಗೆ ದೇಶದ ಬ್ರಾಡ್‌ಗೇಜಿನಲ್ಲಿ ಉಗಿ ಎಂಜಿನ್ನಿನ ನಿತ್ಯಸೇವೆ ಮುಗಿದಿತ್ತು. ಆದ ಕಾರಣ ಭಟ್ಕಳ, ಹೊನ್ನಾವರ, ಕುಮಟೆಗಳ ಗುಡ್ಡಗಳಿಗೆ 'ಝುಕುಝುಕು' ಪರಿಚಯವೇ ಇಲ್ಲ. ನಮ್ಮದು ಡೀಸೆಲ್ಲಿನ ಗುಡುಗು. ಅದಕ್ಕೂ ಆಯುಷ್ಯ ಕಡಿಮೆಯೇ ಆಯಿತು. 2022ರ ಜೂನಿನಲ್ಲಿ ರೋಹಾದಿಂದ ತೋಕೂರಿನವರೆಗಿನ ವಿದ್ಯುದೀಕರಣ ಲೋಕಾರ್ಪಣೆಯಾಗಿ, ಈಗ ಹೆಚ್ಚಿನ ಬಂಡಿಗಳನ್ನು ವಿದ್ಯುತ್ ಎಂಜಿನ್ನೇ ಎಳೆಯುತ್ತದೆ.

ಮಾವನವರು ಈ ಮಾರ್ಗದಲ್ಲಿಯೆ ಮಳೆಗಾಲದ ರಾತ್ರಿಗಳಲ್ಲಿ ಹಳಿಯ ಗಸ್ತು ತಿರುಗಿದವರು. ಗುಡ್ಡ ಜರಿದಿದೆಯೆ, ಕಲ್ಲು ಉರುಳಿದೆಯೆ ಎಂದು ಕಂದೀಲು ಹಿಡಿದು ನೋಡುವವನಿಗೆ ಕಿವಿಯೇ ದೊಡ್ಡ ಆಧಾರ. ಆ ಕಿವಿ ಈಗ ವರ್ಷದಿಂದ ವರ್ಷಕ್ಕೆ ಮಂದವಾಗುತ್ತಿದೆ. ದನಿ ಸರಿಯೋ ತಪ್ಪೋ ಎಂದು ಹೇಳಬಲ್ಲವರು ಮನೆಯಲ್ಲಿ ಅವರೊಬ್ಬರೇ. ಆದುದರಿಂದ ಈ ಕೆಲಸವನ್ನು ಮುಂದಿನ ವರ್ಷಕ್ಕೆ ಹಾಕುವಂತಿರಲಿಲ್ಲ. ಪೇಟೆಯಲ್ಲಿ ಸಿಗುವ ಸಿದ್ಧ ಧ್ವನಿಘಟಕಗಳಲ್ಲಿ ಬಹಳಷ್ಟು ಅಮೆರಿಕೆಯ ಎಂಜಿನ್ನುಗಳವು. ಅಂಥದೊಂದರ ದನಿಯನ್ನು ಮೊಬೈಲಿನಲ್ಲಿ ಕೇಳಿಸಿದೆ. ಅದರಲ್ಲಿ ಗಂಟೆ ಬಾರಿಸುತ್ತದೆ! "ದೇವಸ್ಥಾನವೇನೋ ತಮಾ ಇದು? ನಮ್ಮ ಗಾಡಿ ಅಲ್ಲ" ಎಂದು ಮಾವ ಕೈಯಾಡಿಸಿಬಿಟ್ಟರು. ಕೊನೆಗೆ 2022ಕ್ಕಿಂತ ಮೊದಲು ಊರವರು ಮೊಬೈಲಿನಲ್ಲಿ ಹಿಡಿದಿಟ್ಟ ತುಣುಕುಗಳನ್ನೇ ಕೂಡಿಸಬೇಕಾಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಉಗಿ ಎಂಜಿನ್ನಿನ ದನಿ ಚಕ್ರಕ್ಕೆ ಅಂಟಿಕೊಂಡದ್ದು; ಎರಡು ಸಿಲಿಂಡರಿನ ಎಂಜಿನ್ನು ಚಕ್ರದ ಒಂದು ಸುತ್ತಿಗೆ ನಾಲ್ಕು ಸಲ ಉಸಿರು ಬಿಡುತ್ತದೆ. ಅಚ್ಚಿಗೆ ನಾಲ್ಕು ಪುಟ್ಟ ಅಯಸ್ಕಾಂತ ಕೂಡಿಸಿ ಎಣಿಸಿದರೆ ಕೆಲಸವಾಯಿತು. ಡೀಸೆಲ್ಲು ಹಾಗಲ್ಲ. ಅಲ್ಲಿ ಎಂಜಿನ್ನು ವಿದ್ಯುತ್ತನ್ನು ತಯಾರಿಸುತ್ತದೆ, ಆ ವಿದ್ಯುತ್ತು ಚಕ್ರ ತಿರುಗಿಸುತ್ತದೆ. ಚಾಲಕನ ಹಿಡಿಕೆಗೆ ಎಂಟು ಮೆಟ್ಟಿಲು. ನಿಲ್ದಾಣ ಬಿಡುವಾಗ ಮೊದಲು ಗರ್ಜನೆ ಏರುತ್ತದೆ, ಬಳಿಕ ಬಂಡಿ ಅಲುಗುತ್ತದೆ. ವೇಗ ಬಂದ ಮೇಲೆ ಇಳಿಜಾರಿನಲ್ಲಿ ದನಿ ತಗ್ಗಿಯೂ ಬಂಡಿ ಓಡುತ್ತಲೇ ಇರುತ್ತದೆ. ಆದ್ದರಿಂದ ನಾವು ಚಕ್ರವನ್ನು ಎಣಿಸಲಿಲ್ಲ. ರೇಡಿಯೋ ಹಿಡಿಕೆಯ ಸೂಚನೆಯನ್ನು ಒಂದು ಆರ್ಡುಯಿನೋ ಹಲಗೆ ಓದಿ, ಡಿಎಫ್‌ಪ್ಲೇಯರ್ ಮಿನಿ ಎಂಬ ಹೆಬ್ಬೆರಳಗಲದ ಘಟಕಕ್ಕೆ ಇಂಥ ಮೆಟ್ಟಿಲಿನ ದನಿ ನುಡಿಸೆಂದು ಹೇಳುತ್ತದೆ. ಎರಡು ಸೆಕೆಂಡು ತಡೆದು ಮೋಟಾರಿಗೆ ವಿದ್ಯುತ್ತು ಬಿಡುತ್ತದೆ. ಈ ಎರಡು ಸೆಕೆಂಡಿನ ತಡೆಯೇ ನನ್ನ ಮತದಲ್ಲಿ ಇಡೀ ಕೆಲಸದ ಜೀವ.

ಇನ್ನು ವಿದ್ಯುತ್ತಿನ ಮಾತು. ಹಳಿಯಿಂದಲೇ ವಿದ್ಯುತ್ತು ಪಡೆಯುವುದು ಹಳೆಯ ಪದ್ಧತಿ. ಬಂಡಿ ನಿಂತಾಗ ಹಳಿಯಲ್ಲಿ ವೋಲ್ಟೇಜೇ ಇರುವುದಿಲ್ಲ. ನಿಂತ ಎಂಜಿನ್ನು ಮೂಕವಾಗುತ್ತದೆ. ನಿಂತಲ್ಲೇ ಗುರುಗುಟ್ಟುವುದು ಡೀಸೆಲ್ಲಿನ ಸ್ವಭಾವವಲ್ಲವೆ? ಹಿಂದಕ್ಕೆ ಓಡಿಸಿದರೆ ಧನ-ಋಣಗಳು ಅದಲುಬದಲಾಗುವುದರಿಂದ ನಾಲ್ಕು ಡಯೋಡುಗಳ ಸೇತುವೆಯನ್ನೂ ಕೂಡಿಸಬೇಕು. ಸಾಲದುದಕ್ಕೆ ನಮ್ಮ ಉಪ್ಪುಗಾಳಿಗೆ ಹಿತ್ತಾಳೆ ಕಪ್ಪಾಗುತ್ತದೆ, ಮೇಲೆ ಹಲಸಿನ ಎಲೆ, ಕಾಗೆಯ ಪ್ರಸಾದ. ಆದ್ದರಿಂದ ಬ್ಯಾಟರಿಯನ್ನು ಎಂಜಿನ್ನಿನೊಳಗೇ ಇಟ್ಟೆವು: 3.7 ವೋಲ್ಟಿನ ಮೂರು ಲಿಥಿಯಂ ಕೋಶಗಳು ಸಾಲಾಗಿ, ಒಟ್ಟು 11.1 ವೋಲ್ಟು. ಧ್ವನಿಘಟಕಕ್ಕೆ ಬೇಕಾದ್ದು 5 ವೋಲ್ಟು ಮಾತ್ರ. 7805 ಎಂಬ ಅಗ್ಗದ ನಿಯಂತ್ರಕದಿಂದ ಇಳಿಸಬಹುದು. ಆದರೆ 200 ಮಿಲಿಆಂಪಿಯರಿನಲ್ಲಿ ದನಿಗೆ ಒಂದು ವಾಟ್ ಹೋದರೆ ಅದಕ್ಕಿಂತ ಹೆಚ್ಚು, ಸುಮಾರು 1.2 ವಾಟ್, ಬರಿಯ ಶಾಖವಾಗುತ್ತದೆ. ಏಪ್ರಿಲಿನ ಬಿಸಿಲಿನಲ್ಲಿ ಮುಚ್ಚಿದ ಡಬ್ಬಿಯೊಳಗೆ ಈ ಒಲೆ ಬೇಡ. ಬಕ್ ಪರಿವರ್ತಕವೆಂಬುದು ವಿದ್ಯುತ್ತನ್ನು ಅತಿ ಶೀಘ್ರವಾಗಿ ತೆರೆದು ಮುಚ್ಚಿ ಇಳಿಸುವುದರಿಂದ ನಷ್ಟ ಅಲ್ಪ. ಮೋಟಾರು 500, ದನಿ 100 ಮಿಲಿಆಂಪಿಯರು ಎಳೆದರೆ 2,000 ಮಿಲಿಆಂಪಿಯರ್-ಗಂಟೆಯ ಕೋಶಗಳು ಮೂರು ತಾಸಿಗೆ ಮೇಲ್ಪಟ್ಟು ಬಾಳುತ್ತವೆ. ಕೋಶಗಳಿಗೆ ರಕ್ಷಣಾ ಹಲಗೆ ಇರಲೇಬೇಕು. ಇದರಲ್ಲಿ ಉಳಿತಾಯ ಮಾಡುವವರು ಬೆಂಕಿಯೊಡನೆ ಸರಸವಾಡಿದಂತೆ. ಮೋಟಾರಿನ ಕಿರಿಕಿರಿ ದನಿಯಲ್ಲಿ ನುಸುಳದಂತೆ ಅದರ ಎರಡು ತುದಿಗಳಿಗೆ 0.1 ಮೈಕ್ರೋಫ್ಯಾರಡಿನ ಕೆಪಾಸಿಟರ್ ಬೆಸೆದು, ಎರಡಕ್ಕೂ ಬ್ಯಾಟರಿಯಿಂದಲೇ ಬೇರೆಬೇರೆ ತಂತಿ ಎಳೆಯಬೇಕು.

ಸ್ಪೀಕರನ್ನು ಬರಿದಾಗಿ ಇಟ್ಟರೆ ಮುಂದಿನ ಅಲೆಯನ್ನು ಹಿಂದಿನ ಅಲೆ ನುಂಗುತ್ತದೆ. ಬೆನ್ನನ್ನು ಮುಚ್ಚಬೇಕು. ಮೇಜಿನ ಮೇಲೆ ಪರೀಕ್ಷಿಸುವಾಗ ನಾವು ಅದನ್ನು ತೆಂಗಿನ ಗೆರಟೆಗೆ ಮುಚ್ಚಳದಂತೆ ಕೂಡಿಸಿದೆವು. ದನಿ ಒಮ್ಮೆಲೆ ತುಂಬಿಕೊಂಡಿತು. ಎಂಜಿನ್ನಿನಲ್ಲಾದರೋ ಹೊಟ್ಟೆಯ ಕೆಳಗಿನ ಡೀಸೆಲ್ ಟಾಕಿಯೇ ಪೆಟ್ಟಿಗೆ, ಬಾಯಿ ನೆಲದ ಕಡೆಗೆ.

ಆದರೂ ಒಂದು ಸಂದೇಹ ಉಳಿದಿತ್ತು. ಹದಿನಾರು ಸಿಲಿಂಡರಿನ ಆಲ್ಕೊ ಎಂಜಿನ್ನು ನಿಂತಾಗ ನಿಮಿಷಕ್ಕೆ 400 ಸುತ್ತು. ಅದು ನಾಲ್ಕು ಹೊಡೆತದ ಎಂಜಿನ್ನಾದ್ದರಿಂದ ಎರಡು ಸುತ್ತಿಗೊಮ್ಮೆ ಪ್ರತಿ ಸಿಲಿಂಡರೂ ಸಿಡಿಯುತ್ತದೆ: ಸೆಕೆಂಡಿಗೆ ಸುಮಾರು 53 ಸಿಡಿತ. 1,000 ಸುತ್ತಿಗೆ 133. ಎರಡಂಗುಲದ ಸ್ಪೀಕರು ಇಷ್ಟು ತಗ್ಗಿನ ಸ್ವರವನ್ನು ನುಡಿಯಲಾರದು. ಆದರೆ ಆ ಸ್ವರದ ಇಮ್ಮಡಿ, ಮುಮ್ಮಡಿ, ನಾಲ್ವಡಿಗಳು ಕಿವಿಗೆ ಬಿದ್ದರೆ ಇಲ್ಲದ ಮೂಲಸ್ವರವನ್ನು ಮೆದುಳು ತಾನೇ ತುಂಬಿಕೊಳ್ಳುತ್ತದೆ. ಮಾವನವರಿಗೆ ಈ ಶಾಸ್ತ್ರ ಹೇಳಲಿಲ್ಲ, ಹಿಡಿಕೆಯನ್ನು ಅವರ ಕೈಗೇ ಕೊಟ್ಟೆ. ಮೂರನೆಯ ಮೆಟ್ಟಿಲಿನವರೆಗೆ ತಲೆಯಾಡಿಸಿದರು. ಆರನೆಯದಕ್ಕೆ, "ಇದು ಖಾಲಿ ಗಾಡಿಯ ದನಿ, ಲೋಡು ಇದ್ದರೆ ಹೀಗೆ ಕೂಗೂದಿಲ್ಲ" ಎಂದರು. ಲೋಡಿನ ಬಂಡಿ ಏರು ಹತ್ತುವ ಹಳೆಯ ತುಣುಕು ನಮಗಿನ್ನೂ ದೊರೆತಿಲ್ಲ. ನಮ್ಮ ಕಾಲೇಜಿನ ಮಿತ್ರರ ಹಳೆಯ ಮೊಬೈಲುಗಳಲ್ಲಿ ಅಂಥದು ಇದ್ದರೆ ಅಳಿಸುವ ಮೊದಲು ನನಗೊಂದು ಮಾತು ತಿಳಿಸಬೇಕಾಗಿ ವಿನಂತಿ.

ಕೊಂಕಣ ರೈಲ್ವೆಗೆ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ ಇರುವುದನ್ನು ಎಲ್ಲರೂ ಬಲ್ಲರು. ನಮ್ಮ ಬಂಡಿಗೂ ಉಂಟು: ಜೂನ್ ಬಂದೊಡನೆ ಓಟ ಪೂರ್ತಿ ಬಂದ್. ಕೋಶಗಳನ್ನು ಅರ್ಧ ತುಂಬಿಸಿ ಹೊರತೆಗೆದು, ಎಂಜಿನ್ನನ್ನು ತೇವ ಹೀರುವ ಸಿಲಿಕಾ ಹರಳುಗಳೊಡನೆ ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟು ಅಟ್ಟಕ್ಕೇರಿಸುವುದು.